ಹೊನ್ನಾವರದ ಡಬ್ಬಿ

ಮೊನ್ನೆ ಕರ್ಕಿಯಲ್ಲಿ ಒಬ್ಬ ಹೆಂಗಸು ಅಲ್ಯೂಮಿನಿಯಂ ಪಾತ್ರೆಯೊಂದನ್ನು ಸೆರಗಿನ ಮರೆಯಲ್ಲಿ ಹಿಡಿದುಕೊಂಡು ನನ್ನ ಬಸ್ಸು ಹತ್ತಿದಳು. ಪಾತ್ರೆಯನ್ನು ಸೀಟಿನ ಕೆಳಗೆ ತಳ್ಳಿ, ಅದಕ್ಕೂ ತನಗೂ ಸಂಬಂಧವೇ ಇಲ್ಲದವಳಂತೆ ಕಿಟಕಿಯ ಹೊರಗೆ ನೋಡತೊಡಗಿದಳು. ಬಸ್ಸು ಹೊರಟು ಗಾಳಿ ಒಳಗೆ ಆಡಿದ್ದೇ ತಡ, ಹಿಂದಿನ ಸೀಟಿನ ಇಸ್ತ್ರಿ ಅಂಗಿಯವರು ಮೂಗಿಗೆ ಕರವಸ್ತ್ರ ಹಿಡಿದರು.

"ಕಂಡಕ್ಟ್ರೇ, ಎಂತ ವಾಸ್ನೆ ಇದು?"

ನಾನು ಬಾಯಿ ತೆರೆಯುವ ಮೊದಲೇ ಅವಳು ತಿರುಗಿದಳು. "ಶೆಟ್ಲಿ. ಹಸೀದಿದ್ರೆ ವಾಸ್ನೆ, ಬೆಂದ್ರೆ ಪರಿಮಳ. ಮೂಗು ಎರಡಕ್ಕೂ ಒಂದೇ ಅಲ್ದಾ?"

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ನಕ್ಕು ಮುಂದೆ ಹೋಗಿ, ಆಗಲೇ ಟಿಕೆಟ್ ಕೊಟ್ಟಿದ್ದ ಮುದುಕರಿಗೆ ಇನ್ನೊಮ್ಮೆ ಟಿಕೆಟ್ ಕೊಟ್ಟೆ. ಅವರು ಎರಡೂ ಚೀಟಿಗಳನ್ನು ಎತ್ತಿ ಹಿಡಿದು, "ನನ್ನ ನೆರಳಿಗೂ ಒಂದಾ?" ಎಂದರು. ಇಪ್ಪತ್ತು ವರ್ಷದಿಂದ ಕಂಡಕ್ಟರ್ ಆಗಿರುವವನಿಗೆ ಇದು ನಾಚಿಕೆಯ ವಿಷಯ. ಆದರೆ ಒಂದು ವರ್ಷದಿಂದ ನಾನು ಹೀಗೇ ಇದ್ದೇನೆ. ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಯಾಕೆ ಎದ್ದೆ ಎಂದು ತಿಳಿಯುವುದಿಲ್ಲ. ಅದರಲ್ಲೂ ಶೆಟ್ಲಿಯ ವಾಸನೆ ಬಂದರೆ ಮುಗಿಯಿತು. ಶೆಟ್ಲಿ ಎಂದರೆ ಸಿಗಡಿ. ನಮ್ಮ ಕಡೆ ಸಿಗಡಿ ಎನ್ನುವವರು ಪುಸ್ತಕ ಓದುವವರು ಮಾತ್ರ.

ನನ್ನ ತಂಗಿ ಸುಮಿತ್ರ ಪುಸ್ತಕ ಓದುವವಳೇ. ಆದರೂ ಕೊನೆಯವರೆಗೆ ಶೆಟ್ಲಿ ಎಂದೇ ಹೇಳಿದಳು. ಕಳೆದ ಮಳೆಗಾಲದಲ್ಲಿ ಜ್ವರವೆಂದು ಮಂಗಳೂರಿಗೆ ಕರೆದುಕೊಂಡು ಹೋದೆವು. ಆರನೇ ದಿನ ವಾಪಸು ತಂದೆವು. ಇದಕ್ಕಿಂತ ಹೆಚ್ಚಿಗೆ ಆ ಆರು ದಿನಗಳ ಬಗ್ಗೆ ಬರೆಯಲು ನನಗೆ ಆಗುವುದಿಲ್ಲ. ನಾನು ಬರೆಯಹೊರಟಿದ್ದು ಅದಕ್ಕೂ ಎಂಟು ವರ್ಷ ಹಿಂದಿನ ಮಾತು. ತೊಂಬತ್ತೊಂಬತ್ತರ ಮಳೆ ಮುಗಿದ ಮೇಲಿನದು.

ಆಗ ಸುಮಿತ್ರ ಕುಮಟೆಯ ಕಾಲೇಜೊಂದರಲ್ಲಿ ತಾತ್ಕಾಲಿಕವಾಗಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಪಾಠ ಮುಗಿದ ಮೇಲೆ ಅಲ್ಲಿನ ಪ್ರಯೋಗಾಲಯದಲ್ಲೇ ಕೂತು ಪಿಎಚ್.ಡಿ. ಕೆಲಸ ಮಾಡುತ್ತಿದ್ದಳು. ಅವಳ ಗೈಡು ಘಟ್ಟದ ಮೇಲಿನ ವಿಶ್ವವಿದ್ಯಾಲಯದವರು. ನಾನು ಎಸ್ಸೆಸ್ಸೆಲ್ಸಿ. ತಂಗಿ ಏನು ಓದುತ್ತಾಳೆ ಎಂದು ಬಸ್ಸಿನಲ್ಲಿ ಯಾರಾದರೂ ಕೇಳಿದರೆ "ಸಂಶೋಧನೆ" ಎಂದು ಎದೆ ಉಬ್ಬಿಸುತ್ತಿದ್ದೆ. ಎಂಥ ಸಂಶೋಧನೆ ಎಂದು ಕೇಳಿದರೆ ಸೀಟಿ ಊದಿಬಿಡುತ್ತಿದ್ದೆ.

ಹೇಳಲು ಬರುತ್ತಿರಲಿಲ್ಲ ಎಂದಲ್ಲ. ಅವಳು ನನಗೆ ಹತ್ತು ಸಲ ಹೇಳಿದ್ದಳು. ಶೆಟ್ಲಿಯ ಸಿಪ್ಪೆಯಲ್ಲಿ ಮೂರು ವಸ್ತು ಇರುತ್ತವಂತೆ. ಒಂದು ಸುಣ್ಣ, ಒಂದು ಮಾಂಸದ ಜಾತಿಯದು, ಮೂರನೆಯದು ಕೈಟಿನ್. ಈ ಕೈಟಿನ್ ಎಂಬುದು ಒಂದು ಥರದ ಸಕ್ಕರೆಯ ಉದ್ದನೆಯ ಸರಪಳಿ. "ಅಬ್ಬಲಿಗೆ ದಂಡೆ ಇದ್ದ ಹಾಂಗಾ?" ಎಂದು ಕೇಳಿದ್ದೆ. "ಹಾಂಗೇ. ಆದ್ರೆ ಅಣ್ಣ, ಇದ್ರಲ್ಲಿ ಬಾಳೆನಾರು ಇಲ್ಲ. ಹೂವೇ ಹೂವಿನ ಕೈ ಹಿಡ್ಕಂಡದೆ" ಎಂದಳು. ಮೊದಲು ಆಮ್ಲ ಹಾಕಿ ಸುಣ್ಣ ತೆಗೆಯಬೇಕು, ಆಮೇಲೆ ಕ್ಷಾರ ಹಾಕಿ ಮಾಂಸದ ಅಂಶ ತೆಗೆಯಬೇಕು. ಉಳಿದದ್ದನ್ನು ಗಟ್ಟಿ ಕ್ಷಾರದಲ್ಲಿ ಕುದಿಸಿದರೆ ಇನ್ನೊಂದು ಆಗುತ್ತದೆ; ಅದರಿಂದ ಗಾಯಕ್ಕೆ ಕಟ್ಟುವ ತೆಳು ಪೊರೆ ಮಾಡಬಹುದು. ನಾವು ಗೊಬ್ಬರದ ಗುಂಡಿಗೆ ಎಸೆಯುವ ಸಿಪ್ಪೆಯಿಂದ!

ಅವಳ ಪ್ರಶ್ನೆ ಇಷ್ಟೇ: ಭಟ್ಕಳ, ಹೊನ್ನಾವರ, ಕುಮಟೆ, ಈ ಮೂರು ಕಡೆಯ ಶೆಟ್ಲಿಯ ಸಿಪ್ಪೆ ಒಂದೇ ಥರವೇ, ಬೇರೆ ಬೇರೆಯೇ? ಕುಮಟೆಯದನ್ನು ಅವಳೇ ತರುತ್ತಿದ್ದಳು. ಉಳಿದೆರಡಕ್ಕೆ ನಾನಿದ್ದೆ. ಬೆಳಿಗ್ಗೆ ಕುಮಟೆಯಿಂದ ಹೊರಟು ಹೊನ್ನಾವರದ ಮೇಲೆ ಭಟ್ಕಳಕ್ಕೆ ಹೋಗಿ, ಅದೇ ದಾರಿಯಲ್ಲಿ ತಿರುಗಿ ಬರುವ ಬಸ್ಸು ನನ್ನದು. ಭಟ್ಕಳದ ಬಂದರಿನಲ್ಲಿ ಒಬ್ಬರು ಸಿಪ್ಪೆಯನ್ನು ಬಿಸಿಲಿಗೆ ಒಣಗಿಸಿ, ಕಾಗದದಲ್ಲಿ ಕಟ್ಟಿ, ಮದುವೆಯ ಸಿಹಿಯಂತೆ ಕೊಡುತ್ತಿದ್ದರು. ಹೊನ್ನಾವರದಲ್ಲಿ ಮಾದೇವಿ. ಸ್ಟ್ಯಾಂಡಿನ ಹಿಂದಿನ ಮಾಡಿನಡಿ ಕೂತು ಹೋಟೆಲಿಗೆ ಶೆಟ್ಲಿ ಸುಲಿದುಕೊಡುತ್ತಿದ್ದ ಹೆಂಗಸು. ಅವಳು ಕೊಡುತ್ತಿದ್ದದ್ದು ಹಸಿ ಸಿಪ್ಪೆ. ಅದನ್ನು ಮುಚ್ಚಳದ ಬಿಸ್ಕೀಟು ಡಬ್ಬಿಯಲ್ಲಿ ಹಾಕಿ ತರಬೇಕು. ಡಬ್ಬಿಯ ಮೇಲೆ ಸುಮಿತ್ರ 'ಹೊನ್ನಾವರ' ಎಂದು ಬರೆದು ಅಂಟಿಸಿದ್ದಳು.

"ನೀ ಎಂತದೂ ಮಾಡ್ಬೇಡ ಅಣ್ಣ. ತೊಳೂದು ಒಣಗ್ಸೂದು ಎಲ್ಲ ನಾನೇ ಮಾಡ್ತೆ. ಕೊಟ್ಟದ್ದನ್ನ ಹಾಂಗೇ ತಾ, ಸಾಕು."

ಹೀಗೆ ಮೊದಲ ದಿನವೇ ಹೇಳಿದ್ದಳು. ನಾನು "ಆತು" ಎಂದಿದ್ದೆ.

ಡಿಸೆಂಬರಿನ ಹೊತ್ತಿಗೆ ಬಸ್ಸಿನಲ್ಲಿ ದೂರು ಶುರುವಾಯಿತು. ನಮ್ಮ ಡ್ರೈವರು ನೇರ ಮನುಷ್ಯ. "ಎಂತದ ಮಾರಾಯ, ನಾ ಓಡ್ಸೂದು ಬಸ್ಸಾ, ದೋಣಿಯಾ? ನಾಳೆಯಿಂದ ನಂಗೆ ಒಂದು ಬಲೆ ಕೊಡು" ಎಂದ. ನಾನು ಇದನ್ನು ಮಾದೇವಿಯ ಹತ್ತಿರ ಹೇಳಿಕೊಂಡೆ. ಅವಳಿಗೆ ನನ್ನ ದಡ್ಡತನ ನೋಡಿ ಆಶ್ಚರ್ಯ. "ಅಯ್ಯ, ನಿಮ್ಮನೇಲಿ ಮುರುಗಲ ಸಿಪ್ಪೆ ಇಲ್ವಾ? ಹುಳಿ ನೀರಲ್ಲಿ ಹಾಕಿಟ್ರೆ ಶೆಟ್ಲಿ ವಾಸ್ನೆ ಓಡಿ ಹೋಗ್ತದೆ. ಮೀನ್ ಮುಟ್ಟಿದ ಕೈಯನ್ನ ನಾವು ಎಂತರಲ್ಲಿ ತೊಳೂದು ಅಂತ ಮಾಡಿರಿ?"

ಹೌದಲ್ಲ! ಮೀನಿನ ಕೈಗೆ, ಮೀನಿನ ಪಾತ್ರೆಗೆ, ಮೀನಿಗೇ ಹುಳಿ ಹಚ್ಚುವುದು ನಮ್ಮ ಕಡೆಯ ಹುಟ್ಟುಗುಣ. ಅಮ್ಮನ ಭರಣಿಯಿಂದ ಒಣ ಮುರುಗಲ ಸಿಪ್ಪೆ, ಸಾರಿಗೆ ಹಾಕುವ ಆ ಕೆಂಪು ಹುಳಿ ಹಣ್ಣಿನದು, ಒಯ್ದೆ. ಹೋಗುವಾಗ ಮಾದೇವಿಯ ಮಾಡಿನಲ್ಲಿ ಶೆಟ್ಲಿಯ ಸಿಪ್ಪೆಯನ್ನು ಹುಳಿ ನೀರಿಗೆ ಹಾಕಿಡುವುದು, ಭಟ್ಕಳಕ್ಕೆ ಹೋಗಿ ಬಂದ ಮೇಲೆ ನಳದ ನೀರಲ್ಲಿ ಜಾಲಾಡಿಸಿ ಡಬ್ಬಿಗೆ ತುಂಬುವುದು. ಮೊದಲ ದಿನ ನೀರಿನಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದದ್ದನ್ನು ನಾನೂ ಮಾದೇವಿಯೂ ಬಗ್ಗಿ ನೋಡಿದೆವು. "ಕಾಣಿ, ಕೊಳೆ ಹೆಂಗೆ ಬಿಡ್ತಾ ಅದೆ!" ಎಂದಳು ಅವಳು. ವಾಸನೆ ನಿಜಕ್ಕೂ ಹೋಯಿತು. ಡ್ರೈವರು ಬಲೆ ಕೇಳುವುದನ್ನು ಬಿಟ್ಟ. ತಂಗಿಗೆ ಹೇಳಲಿಲ್ಲ. ತೊಳೆಯುವ ಕೆಲಸ ಅವಳಿಗೆ ಅಷ್ಟು ಕಡಿಮೆಯಾಯಿತಲ್ಲ ಎಂದು ಒಳಗೊಳಗೇ ದೊಡ್ಡಸ್ತಿಕೆ ಬೇರೆ.

ಫೆಬ್ರವರಿಯ ಒಂದು ಶನಿವಾರ ಡಬ್ಬಿ ಕೊಡಲು ಪ್ರಯೋಗಾಲಯಕ್ಕೆ ಹೋದಾಗ ಸುಮಿತ್ರ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖ ಹಾಗೆ ಹೊಳೆದದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಅವಳ ಮದುವೆಯ ದಿನವೂ ಇಲ್ಲ.

"ಅಣ್ಣ, ಸಿಕ್ತು!"

"ಎಂತ ಸಿಕ್ತು?"

ಮೂರೂ ಕಡೆಯ ಸಿಪ್ಪೆಯ ಪುಡಿಯನ್ನು ಕುಲುಮೆಯಲ್ಲಿ ಸುಟ್ಟು ಬೂದಿ ತೂಗಿದ್ದಾಳೆ. ಭಟ್ಕಳದ್ದೂ ಕುಮಟೆಯದೂ ಒಂದೇ ಸುಮಾರಿಗೆ ಇವೆ. ಹೊನ್ನಾವರದ್ದರಲ್ಲಿ ಮಾತ್ರ ಬೂದಿ ಕಡಿಮೆ. ಎಂದರೆ ಸುಣ್ಣ ಕಡಿಮೆ. ಡಿಸೆಂಬರಿನಿಂದ ಪ್ರತಿ ಸಲವೂ ಕಡಿಮೆ! ಶರಾವತಿಯ ಸಿಹಿನೀರು ಅಳಿವೆಯಲ್ಲಿ ಸೇರುತ್ತದಲ್ಲ, ಅದರಿಂದ ಅಲ್ಲಿಯ ಶೆಟ್ಲಿಯ ಸಿಪ್ಪೆಯೇ ಬೇರೆ ಇರಬೇಕು ಎಂದು ಅವಳ ಲೆಕ್ಕ. "ಬಣ್ಣ ಸಹಿತ ಬೇರೆ. ಸ್ವಲ್ಪ ಕೆಂಪು. ಅದನ್ನೂ ಬರ್ದಿಟ್ಟಿದೆ." ಆಮೇಲೆ ನನಗೆ ತೋರಿಸಲೆಂದೇ ಗಾಜಿನ ಲೋಟದಲ್ಲಿ ಕುಮಟೆಯ ಸಿಪ್ಪೆ ಹಾಕಿ ಅದರ ಮೇಲೆ ಆಮ್ಲ ಸುರಿದಳು. ಬುರುಬುರು ಗುಳ್ಳೆ ಎದ್ದಿತು.

"ನೋಡು, ಸುಣ್ಣ ಹೋಗ್ತಾ ಅದೆ. ಹುಳಿ ಎಂತದೇ ಹಾಕು, ಸುಣ್ಣ ಕರಗ್ತದೆ."

ಆ ಗುಳ್ಳೆ ನನಗೆ ಗುರುತಿತ್ತು.

ಆಗಲೇ ಹೇಳಬೇಕಿತ್ತು. ನೀವೂ ಹಾಗೇ ಹೇಳುತ್ತೀರಿ. ಬಾಯಿಯವರೆಗೆ ಬಂತು. ಅವಳು ಆಗಲೇ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದಳು. ನಾನು "ಬಸ್ಸಿಗೆ ಹೊತ್ತಾತು" ಎಂದು ಹೊರಟುಬಂದೆ.

ಅದಾದ ಮೇಲೆ ಹದಿನೆಂಟು ದಿನ. ಪ್ರತಿದಿನ ಹೇಳುತ್ತೇನೆಂದು ಹೊರಡುತ್ತಿದ್ದೆ. ಹೊನ್ನಾವರದ ಸೇತುವೆ ದಾಟುವಾಗ ಗಟ್ಟಿಯಾಗುತ್ತಿದ್ದ ಮನಸ್ಸು ಹಳದೀಪುರದ ನಮ್ಮ ಮನೆಯ ತಿರುವು ಬರುವಷ್ಟರಲ್ಲಿ ಮೆತ್ತಗಾಗುತ್ತಿತ್ತು. ಹುಳಿ ಹಾಕುವುದನ್ನಂತೂ ನಿಲ್ಲಿಸಿದೆ. ಹುಳಿಯಿಲ್ಲದ ಸಿಪ್ಪೆಯ ಬೂದಿ ಹೆಚ್ಚಿಗೆ ಬಂದರೆ ಅವಳಿಗೆ ಗೊತ್ತಾಗುತ್ತದೆಂದು, ಅದನ್ನು ಕೊಡಲೂ ಧೈರ್ಯ ಸಾಲದೆ, ಮಾದೇವಿಗೆ ಮೈ ಸರಿಯಿಲ್ಲ ಎಂದು ಸುಳ್ಳು ಹೇಳಿದೆ. ಹತ್ತೊಂಬತ್ತನೆಯ ದಿನ ಕುಮಟೆಯ ಸ್ಟ್ಯಾಂಡಿನಲ್ಲಿ ಸುಮಿತ್ರಳೇ ಸಿಕ್ಕಿದಳು. ಗೈಡಿಗೆ ವರದಿ ಕಳಿಸಿ ನಾಲ್ಕು ದಿನವಾಯಿತು, ಅವರು ಅದನ್ನು ಮುಂದಿನ ವಾರ ದೊಡ್ಡ ಸಭೆಯೊಂದರಲ್ಲಿ ಓದಿಸುತ್ತಾರಂತೆ ಎಂದಳು. ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಹೇಳಿಬಿಟ್ಟೆ.

ಅವಳು ಕೂಗುತ್ತಾಳೆ ಅಂದುಕೊಂಡಿದ್ದೆ. ಅವಳು ಚೀಲದಿಂದ ನೋಟುಬುಕ್ಕು ತೆಗೆದಳು.

"ಯಾವಾಗಿಂದ?"

"ಡಿಸೆಂಬರಿಂದ."

"ಎಷ್ಟು ಹುಳಿ ಹಾಕ್ತಿದ್ದೆ?"

"ಒಂದು ಮುಷ್ಟಿ."

"ಯಾರ ಮುಷ್ಟಿ?"

"ನಂದು."

ನನ್ನ ಕೈ ಹಿಡಿದು, ಮುಷ್ಟಿ ಮಾಡಿಸಿ, ತಿರುಗಿಸಿ ನೋಡಿದಳು. ಬರೆದುಕೊಂಡಳು.

"ಎಷ್ಟೊತ್ತು ನೀರಲ್ಲಿ ಇರ್ತಿತ್ತು?"

"ಭಟ್ಕಳಕ್ಕೆ ಹೋಗಿ ಬರೂವಷ್ಟು."

"ಅದು ಎಷ್ಟು ಅಂತ ಬರೆಯೂದು?"

"ರೈಲ್ವೆ ಗಾಡಿ ಅಲ್ಲ ತಂಗಿ. ದಾರಿ ಹೆಂಗಿದ್ರೆ ಹಾಂಗೆ ಹೊತ್ತು."

ಅವಳಿಗೆ ನಗು ಬಂದದ್ದು ನಿಜ. ಅರ್ಧಕ್ಕೇ ನಿಲ್ಲಿಸಿದಳು. ಹಳೆಯ ಪುಟಗಳನ್ನು ತೆಗೆದು ಡಿಸೆಂಬರಿನಿಂದೀಚೆಗೆ ಬರೆದ ಹೊನ್ನಾವರದ ಪ್ರತಿಯೊಂದು ಸಾಲಿನ ಮೇಲೂ ಒಂದೊಂದು ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿದಳು. "ಹರ್ದು ಬಿಸಾಡು, ನಂಗೆ ನೋಡೂಕೆ ಆಗೂದಿಲ್ಲ" ಎಂದೆ. "ಹರಿಯೂಕಿಲ್ಲ ಅಣ್ಣ. ತಪ್ಪಾದ್ದೂ ಓದೂಕೆ ಬರೋ ಹಾಂಗೆ ಇರ್ಬೇಕು" ಎಂದಳು. ಕೊನೆಗೆ ಪೆನ್ನು ಮುಚ್ಚಿ ಕೇಳಿದಳು:

"ನಿಂಗೆ ಯಾವಾಗ ಗೊತ್ತಾತು?"

"ಇವತ್ತೇ ಹೊಳೀತು" ಎಂದೆ.

ಅದನ್ನೂ ಬರೆದುಕೊಂಡಳು.

ಗೈಡಿಗೆ ಅವಳೇ ಹೋಗಿ ಹೇಳಿದಳು. ನನ್ನ ಹೆಸರು ಹೇಳಲಿಲ್ಲ. ಸಿಪ್ಪೆ ತೊಳೆಯುವುದರಲ್ಲಿ ತನ್ನಿಂದ ತಪ್ಪಾಯಿತು ಎಂದಳಂತೆ. ಅವರು ಎಲ್ಲರೆದುರು, "ಮೀನು ತೊಳೆಯಲು ಬರದವರು ಕರಾವಳಿಯಲ್ಲೂ ಇದ್ದಾರಾ?" ಎಂದು ಕೇಳಿದರಂತೆ. ಮನೆಯಲ್ಲೂ ಅಮ್ಮನ ಹತ್ತಿರ ಅದನ್ನೇ ಹೇಳಿದಳು: "ನಂದೇ ಗಡಿಬಿಡಿ." ನಾನು ಜಗುಲಿಯಲ್ಲಿ ಕೂತು ಕೇಳಿಸಿಕೊಂಡೆ.

ಮುಂದಿನ ವರ್ಷ ಮೊದಲಿನಿಂದ ಎಲ್ಲ ಮಾಡಿದಳು. ಈ ಸಲ ನನ್ನನ್ನೂ ಪ್ರಯೋಗಾಲಯದಲ್ಲಿ ಕೂರಿಸಿಕೊಂಡಳು. ಕೂದಲಿನಷ್ಟು ಸಪೂರದ ಗಾಜಿನ ನಳಿಗೆಯಲ್ಲಿ, ಸಿಪ್ಪೆಯ ಆ ಸರಪಳಿ ಕರಗಿಸಿದ ದ್ರಾವಣ ಮೇಲಿನ ಗುರುತಿನಿಂದ ಕೆಳಗಿನ ಗುರುತಿಗೆ ಇಳಿಯಲು ಎಷ್ಟು ಹೊತ್ತು ಬೇಕು ಎಂದು ಗಡಿಯಾರ ಒತ್ತುವುದು ನನ್ನ ಕೆಲಸ. ಸರಪಳಿ ಉದ್ದವಿದ್ದರೆ ನಿಧಾನ, ತುಂಡಾಗಿದ್ದರೆ ಬೇಗ. "ಹೋಲ್ಡಾನ್, ರೈಟ್ ಅಂದ ಹಾಂಗೇ ಅಣ್ಣ, ಸರಿಯಾಗಿ ಒತ್ತು" ಎನ್ನುತ್ತಿದ್ದಳು. ನಾನು ಉಸಿರು ಬಿಗಿಹಿಡಿದು ಒತ್ತುತ್ತಿದ್ದೆ. ಮೂರೂ ಊರಿನದು ಒಂದೇ ಥರ ಬಂತು. ಬೂದಿಯೂ ಒಂದೇ, ಹೊತ್ತೂ ಒಂದೇ. ವ್ಯತ್ಯಾಸ ಏನೂ ಇಲ್ಲ ಎಂದು ಬರೆದಳು. ಪದವಿ ಬಂತು. ಕೆಲಸ ಖಾಯಮಾಯಿತು, ಮದುವೆಯಾಯಿತು. ಆದರೆ ಆ ಶನಿವಾರದ ಮುಖ ತಿರುಗಿ ಬರಲಿಲ್ಲ. ಆ ಹದಿನೆಂಟು ದಿನವೂ ನನ್ನೊಳಗೇ ಉಳಿಯಿತು. ಮೊದಲ ದಿನವೇ ಹೇಳಿದ್ದರೆ ವರದಿ ಹೋಗುತ್ತಿರಲಿಲ್ಲ, ಅವಳು ಗೈಡಿನಿಂದ ಆ ಮಾತು ಕೇಳಬೇಕಾಗಿರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ಅವಳು ನನಗಿಂತ ಒಂಬತ್ತು ವರ್ಷ ಚಿಕ್ಕವಳು. ನಾಳೆಗಳೆಲ್ಲ ಅವಳ ಕಡೆಗೇ ಹೆಚ್ಚಿಗೆ ಇವೆ ಎಂದು ತಿಳಿದಿದ್ದೆ.

ಮೊನ್ನೆ ಎರಡೆರಡು ಟಿಕೆಟ್ ಕೊಟ್ಟ ಆ ಸಂಜೆ ಮನೆಗೆ ಬಂದಾಗ ಅಮ್ಮ ಬೇಲಿಯ ಹತ್ತಿರ ನಿಂತು ಪಕ್ಕದ ಮನೆಯ ಗಿರಿಜಕ್ಕನೊಡನೆ ಮಾತಾಡುತ್ತಿದ್ದಳು. ಮುಂದಿನ ವಾರ ಸುಮಿತ್ರಳ ವರ್ಷಾಂತಿಕ. ಮಾತು ಅವಳದೇ.

"ಅದು ಹುಷಾರೇ ಗಿರಿಜಾ. ಒಂದೇ ಒಂದು ಸಲ ಗಡಿಬಿಡಿ ಮಾಡ್ಕಂತು. ಶೆಟ್ಲಿ ಸಿಪ್ಪೆ ತೊಳೂಕೆ ಬರ್ಲಿಲ್ಲ ಅದ್ಕೆ, ಪಾಪ. ಒಂದು ವರ್ಷ ಮಣ್ಣಾತು. ನಾನಾದ್ರೂ ಕಲ್ಸಬೇಕಿತ್ತು."

ಎಂಟು ವರ್ಷದಿಂದ ಅಮ್ಮ ಅದನ್ನು ಹೀಗೆ ನಂಬಿಕೊಂಡಿದ್ದಳು. ಮಗಳ ತಪ್ಪಿನಲ್ಲಿ ಒಂದು ಪಾಲು ತನ್ನದೆಂದೂ ಸೇರಿಸಿಕೊಂಡಿದ್ದಳು. ಅವಳು ಜಗುಲಿಗೆ ಬಂದು ಕೂತ ಮೇಲೆ, ಕೈಕಾಲು ಸಹ ತೊಳೆಯದೆ ಹೇಳಿದೆ.

"ಅಮ್ಮ, ಅದ್ರ ತಪ್ಪಲ್ಲ. ಮುರುಗಲ ಹುಳೀಲಿ ಹಾಕಿದ್ದು ನಾನು."

"ಅದ್ಕೆ ಗೊತ್ತಿತ್ತಾ?"

"ಹುಳಿ ಹಾಕಿದ್ದು ಹೇಳಿದ್ದೆ. ಗೊತ್ತಾದ್ಮೇಲೂ ಹದಿನೆಂಟು ದಿನ ಬಾಯಿ ಮುಚ್ಕಂಡಿದ್ದೆ. ಅದನ್ನ ಹೇಳ್ಲಿಲ್ಲ."

ನಾನು ಏಳಬೇಕೆಂದುಕೊಂಡೆ, ಏಳಲಿಲ್ಲ.

"ಈ ಮಾತು ಬಾಯಿಗೆ ಬರೂಕೆ ಅದು ಸಾಯ್ಬೇಕಿತ್ತಾ ನಿಂಗೆ?" ಎಂದಳು ಅಮ್ಮ.

ಉತ್ತರಕ್ಕೆ ಕಾಯಲಿಲ್ಲ. ಕಂಬ ಹಿಡಿದು ಎದ್ದು ಅಂಗಳದ ತುದಿಗೆ ಹೋಗಿ ಕೂಗಿದಳು. "ಗಿರಿಜಾ! ಏ ಗಿರಿಜಾ! ಆಗ ನಾ ಹೇಳಿದ್ದು ಸುಳ್ಳು. ಅದು ಸರಿಯಾಗೇ ಮಾಡಿತ್ತು. ಹಾಳು ಮಾಡಿದ್ದು ಇವ!"

ಗಿರಿಜಕ್ಕ ಒಗ್ಗರಣೆಯ ಸದ್ದಿನಲ್ಲಿದ್ದರು. "ಎಂತ? ಯಾರು?" ಎಂದರು ಒಳಗಿನಿಂದ.

ಅಮ್ಮ ತಿರುಗಿ ನನ್ನ ಮುಖ ನೋಡಿದಳು. ನಾನು ಎದ್ದು ಬೇಲಿಯ ಹತ್ತಿರ ಹೋಗಿ, ಗಿರಿಜಕ್ಕ ಹೊರಗೆ ಬರುವವರೆಗೆ ನಿಂತು, ಡಿಸೆಂಬರಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ.