ಉಬ್ಬಿದ ರಸಗುಲ್ಲಾ ಡಬ್ಬಿ

ಸುಮತಿ, ನಿನ್ನ ಅಪ್ಪ ಆ ಮಾತು ಹೇಳಿರಲಿಲ್ಲ. ಉಬ್ಬಿದ ಡಬ್ಬಿಯನ್ನು ಮಾರು ಎಂದು ಅವರೇ ಹೇಳಿದರೆಂದು ನಾನು ಊರವರ ಮುಂದೆ ಹೇಳಿದ್ದು ಸುಳ್ಳು. ಕೆಟ್ಟಿದೆ ಎಂದು ಗೊತ್ತಿದ್ದೂ ಆ ಡಬ್ಬಿ ಕೊಟ್ಟವಳು ನಾನು. ಅವರ ಹೆಸರು ಕೆಟ್ಟದ್ದು ನನ್ನ ನಾಲಿಗೆಯಿಂದ.

ಮೊನ್ನೆ ನೀನು ಫೋನ್ ಮಾಡಿದೆ. ಅಪ್ಪನ ಬಗ್ಗೆ ಪುಸ್ತಕ ತರುತ್ತಿದ್ದೇವೆ, ಅವರ ಅಂಗಡಿಗೆ ಮೊದಲು ಸೇರಿದ ಹುಡುಗಿ ನೀವೇ ಅಲ್ಲವಾ ಅಕ್ಕಾ, ನಾಲ್ಕು ಪುಟ ಬರೆದುಕೊಡಿ ಎಂದೆ. ಆಮೇಲೆ ದನಿ ತಗ್ಗಿಸಿ, ಅಪ್ಪ ನಿಮಗೆ ಮಾಡಿದ ಅನ್ಯಾಯ ನನಗೆ ಗೊತ್ತು, ಅದನ್ನೂ ಬರೆಯಿರಿ, ನಮಗೋಸ್ಕರ ಮುಚ್ಚಿಡಬೇಡಿ ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅಡುಗೆಮನೆಯಲ್ಲಿ ಒಬ್ಬಳೇ ಇದ್ದರೂ ನಾನು ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದೆ. ಅವರ ಮಗಳೂ ಅದನ್ನೇ ನಂಬಿದ್ದಾಳೆ! ಅವತ್ತಿನಿಂದ ಫೋನ್ ರಿಂಗಾದರೆ ಎತ್ತಲು ಹೆದರುತ್ತೇನೆ.

ಮೊದಲಾಳಿ — ಯಜಮಾನರನ್ನು ನಾವೆಲ್ಲ ಕರೆಯುತ್ತಿದ್ದುದು ಹಾಗೆ — ಊಟಿಯಾಚೆ ಮಂಜೂರಿನ ಕಡೆಯ ಹಟ್ಟಿಯೊಂದರ ಆಲೂಗಡ್ಡೆ ಬೆಳೆಯುವ ಮನೆಯವರು. ಚಿಕ್ಕವರಿದ್ದಾಗ ತಮ್ಮ ತಾಯಿಯ ಜೊತೆ ಊಟಿಗೆ ಬಂದಿದ್ದರಂತೆ. ಗಾಜಿನ ಕಿಟಕಿಯ ಒಂದು ದೊಡ್ಡ ಅಂಗಡಿಯ ಮುಂದೆ ಆ ತಾಯಿ ಹಟ್ಟಿಯ ಹೆಂಗಸರಂತೆ ಬಿಳಿ ಮುಂಡು ಹೊದ್ದುಕೊಂಡು ನಿಂತು ಉಣ್ಣೆಯ ಶಾಲೊಂದನ್ನು ನೋಡುತ್ತಿದ್ದಾಗ, ಬಾಗಿಲು ಕಾಯುವವನು ಹೊರಗಿನಿಂದಲೇ ನೋಡಿ ಹೋಗು ಎಂದನಂತೆ. ಹೊಸದಾಗಿ ಸೇರಿದ ಪ್ರತಿಯೊಬ್ಬ ಹುಡುಗಿಗೂ ಅವರು ಈ ಕತೆ ಹೇಳುತ್ತಿದ್ದರು. ಹೇಳಿ, ಬಾಗಿಲ ಮೇಲಿನ ಹಲಗೆ ತೋರಿಸುತ್ತಿದ್ದರು. ತಮಿಳು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಅದರಲ್ಲಿದ್ದದ್ದು ಒಂದೇ ಮಾತು: ‘ಮುಟ್ಟಿ ನೋಡಿ.’

ಊಟಿಯಲ್ಲಿ ಬೆಟ್ಟದ ಜನ ತಾವೇ ಕಟ್ಟಿದ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್ ಎಂದರೆ ನಮಗೆಲ್ಲ ಅದೇ ಮೊದಲು. ಸ್ವೆಟರು, ಕೊಡೆ, ಬೀಜ, ಪಾತ್ರೆ, ಬಳೆ, ಬಿಸ್ಕತ್ತು, ಎಲ್ಲವೂ ಒಂದೇ ಸೂರಿನಡಿ. ಎಸ್ಟೇಟಿನ ಮ್ಯಾನೇಜರಿಗೂ ಎಲೆ ಕೀಳುವವಳಿಗೂ ಒಂದೇ ಬೆಲೆ. ಹಳ್ಳಿಯಿಂದ ಬಂದ ಮುದುಕಿಯರಿಗೆ ಕೂರಲು ಹೀಟರ್ ಪಕ್ಕದಲ್ಲೊಂದು ಬೆಂಚು ಹಾಕಿಸಿದ್ದರು, ಹೆಂಗಸರಿಗೆಂದೇ ಕಕ್ಕಸು ಕಟ್ಟಿಸಿದ್ದರು — ನಗಬೇಡ, ಆಗ ಊಟಿಗೆ ಬಂದ ಹೆಂಗಸರಿಗೆ ಅದೆಷ್ಟು ದೊಡ್ಡ ಉಪಕಾರ ಎಂಬುದು ನಿನ್ನ ವಯಸ್ಸಿನವರಿಗೆ ತಿಳಿಯದು. ನಮ್ಮದು ಕನ್ನಡ ಓದುವ ವೀರಶೈವ ಮನೆ. ಮೈಸೂರಿನಿಂದ ಬರುವ ಸಾಮಾನಿನ ಮೇಲಿನ ಬರಹ ಓದಬಲ್ಲೆ ಎಂದೇ ನನಗೆ ಕೆಲಸ ಸಿಕ್ಕಿತು. ಹೆಣ್ಣುಮಕ್ಕಳನ್ನು ಅಂಗಡಿಯಲ್ಲಿ ನಿಲ್ಲಿಸುತ್ತಾನಲ್ಲ ಎಂದು ಜನ ಆಡಿಕೊಂಡಾಗ, ಅವರು ನಮ್ಮ ಮನೆಗೇ ಬಂದು ನನ್ನ ಅಪ್ಪನ ಎದುರು ಕೂತು ಮಾತಾಡಿ ಒಪ್ಪಿಸಿದ್ದರು. ನೀನು ಆಗ ಪುಟ್ಟ ಕೂಸು. ಬಟ್ಟೆಯ ಥಾನುಗಳ ನಡುವೆ ಮಲಗಿಬಿಡುತ್ತಿದ್ದೆ.

ಕೈ ಬಿಗಿ ಮನುಷ್ಯ. ಪೆಟ್ಟಿಗೆಯಿಂದ ಕಿತ್ತ ಮೊಳೆಯನ್ನು ಕಲ್ಲಿನ ಮೇಲಿಟ್ಟು ತಟ್ಟಿ ನೆಟ್ಟಗೆ ಮಾಡಿಡುತ್ತಿದ್ದರು, ಪಾರ್ಸೆಲ್ಲಿನ ದಾರ ಬಿಚ್ಚಿ ಉಂಡೆ ಸುತ್ತುತ್ತಿದ್ದರು. ನಾವು ಹುಡುಗಿಯರು ಬೆನ್ನ ಹಿಂದೆ ನಗುತ್ತಿದ್ದೆವು. ಆದರೆ ತಿನ್ನುವ ಪದಾರ್ಥದ ವಿಷಯ ಬಂದರೆ ಬೇರೆಯದೇ ಮನುಷ್ಯ. ನಮ್ಮ ಊರಿನ ಗುಟ್ಟು ನಿನಗೂ ಗೊತ್ತಲ್ಲ, ಕೆಳಗಿನಿಂದ ಘಾಟ್ ಹತ್ತಿ ಬಂದ ಚಿಪ್ಸ್ ಪ್ಯಾಕೆಟ್ಟು ಇಲ್ಲಿ ತಲುಪುವಷ್ಟರಲ್ಲಿ ದಿಂಬಿನಂತೆ ಉಬ್ಬಿರುತ್ತದೆ. ಗಾಬರಿಯಾಗುವ ಗಿರಾಕಿಗಳಿಗೆ, ಏನೂ ಆಗಿಲ್ಲ, ಇದು ಬೆಟ್ಟದ ಗಾಳಿ ಎಂದು ನಾವು ಹೇಳುತ್ತಿದ್ದೆವು. ಮೊದಲಾಳಿ ಮಾತ್ರ ನಮಗೆ ಮತ್ತೆ ಮತ್ತೆ ಎಚ್ಚರಿಸುತ್ತಿದ್ದರು. ಪ್ಯಾಕೆಟ್ ಉಬ್ಬಿದರೆ ಅದು ಬೆಟ್ಟದ ಗಾಳಿ, ತಗಡಿನ ಡಬ್ಬಿ ಉಬ್ಬಿದರೆ ಒಳಗೆ ವಿಷ. ಉಬ್ಬಿದ ಡಬ್ಬಿ ಕಂಡರೆ ಬೆಲೆ ನೋಡದೆ ಹಿತ್ತಲಿನ ಗುಂಡಿಗೆ ಹಾಕಿ ಮಣ್ಣು ಮುಚ್ಚಬೇಕು. ನನಗೆ ಇದು ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು.

ಅವತ್ತು ಬೆಳಿಗ್ಗೆ ರಸಗುಲ್ಲಾ ಡಬ್ಬಿಗಳನ್ನು ಜೋಡಿಸುವಾಗ ಒಂದರ ಮುಚ್ಚಳ ಮೇಲೆದ್ದಿತ್ತು. ತೆಗೆದು ಕೆಳಗಿನ ಹಲಗೆಯಲ್ಲಿ ಪಕ್ಕಕ್ಕಿಟ್ಟೆ — ಆಮೇಲೆ ಗುಂಡಿಗೆ ಹಾಕೋಣ ಎಂದು. ಹೊರಗೆ ಜಡಿಮಳೆ, ಹಿತ್ತಲಲ್ಲಿ ಕೆಸರು, ಆಮೇಲೆ ಎಂಬುದು ಬರಲೇ ಇಲ್ಲ. ಸಂಜೆಯ ಹೊತ್ತಿಗೆ ಮೇಲಿನ ಡಬ್ಬಿಗಳೆಲ್ಲ ಖರ್ಚಾಗಿದ್ದವು. ಆಗ ಬಂದವಳು ಮಾದಿ ಅಕ್ಕ. ಮಂಜೂರಿನಾಚೆಯ ಹಟ್ಟಿಯವಳು, ಟೀ ಎಲೆ ಕೀಳುವವಳು. ಮಗನಿಗೆ ರಸಗುಲ್ಲಾ ತರುತ್ತೇನೆಂದು ಮಾತು ಕೊಟ್ಟಿದ್ದಳು. ಮಂಜೂರಿನ ಬಸ್ಸು ಹೊರಡುವ ಹೊತ್ತಾಗಿತ್ತು. ಹುಡುಕಿ ಹುಡುಕಿ, ಆ ಕೆಳಗಿನ ಡಬ್ಬಿಯನ್ನು ಅವಳೇ ಎತ್ತಿಕೊಂಡಳು. ಮುಚ್ಚಳದ ಮೇಲೆ ಬೆರಳಾಡಿಸಿ, ಇದ್ಯಾಕೆ ಹಿಂಗೆ ಉಬ್ಬಿದೆ ತಂಗೀ ಎಂದು ಕೇಳಿದಳು.

ಹೊಸ ಡಬ್ಬಿಗಳಿದ್ದದ್ದು ಮೇಲಿನ ಗೋದಾಮಿನಲ್ಲಿ. ಹತ್ತಿ ಹೋಗಿ, ಪೆಟ್ಟಿಗೆ ಒಡೆದು, ತಂದು... ನನಗೆ ಬೇಜಾರು. ಅಷ್ಟೇ ಸುಮತಿ, ಬೇರೇನೂ ಇಲ್ಲ. ಬೇಜಾರು.

"ಘಾಟ್ ಹತ್ತಿ ಬಂದದ್ದೆಲ್ಲ ಇಲ್ಲಿ ಉಬ್ಬುತ್ತೆ ಅಕ್ಕಾ, ಏನೂ ಆಗದು" ಎಂದೆ.

ದಿನವೂ ಹೇಳಿ ಹೇಳಿ ಬಾಯಿಪಾಠವಾಗಿದ್ದ ಮಾತು. ಅವಳು ನಕ್ಕಳು, ಡಬ್ಬಿಯನ್ನು ಮಡಿಲಿಗೆ ಹಾಕಿಕೊಂಡು ಬಸ್ಸಿಗೆ ಓಡಿದಳು. ಅವಳು ತಿರುವು ದಾಟುವ ಮೊದಲೇ ನಾನು ಮಾಡಿದ್ದೇನೆಂದು ನನಗೆ ತಿಳಿದಿತ್ತು. ಓಡಿಹೋಗಿ ಬಸ್ಸು ತಡೆಯಬಹುದಿತ್ತು. ಕಾಲು ಏಳಲಿಲ್ಲ... ಅಲ್ಲ, ಏಳಿಸಲಿಲ್ಲ.

ಮರುದಿನವೆಲ್ಲ ಏನೂ ಸುದ್ದಿಯಿಲ್ಲ. ಅದರ ಮರುದಿನ ತರಕಾರಿ ಲಾರಿಯವನು ಹೇಳಿದ. ಮಂಜೂರಿನ ಕಡೆಯ ಒಬ್ಬ ಹುಡುಗನಿಗೆ ಕಣ್ಣು ಮಂಜಾಗಿದೆಯಂತೆ, ನೀರೂ ನುಂಗಲಾರನಂತೆ, ಕೊಯಮತ್ತೂರಿಗೆ ಒಯ್ದಿದ್ದಾರಂತೆ. ಅವನ ತಾಯಿ ಒಂದು ರಸಗುಲ್ಲಾವನ್ನೂ ತನ್ನ ಬಾಯಿಗೆ ಹಾಕಿಕೊಳ್ಳದೆ ಎಲ್ಲವನ್ನೂ ಮಗನಿಗೇ ಕೊಟ್ಟಿದ್ದಳಂತೆ. ದೇವರ ಮುಂದೆ ಕೂತೆ. ಏನು ಬೇಡಿಕೊಂಡೆ ಗೊತ್ತಾ? ಮಗು ಉಳಿಯಲಿ ಎಂದಲ್ಲ. ಅಂಗಡಿಗೆ ಯಾರೂ ಬಾರದಿರಲಿ ಎಂದು. ಮಗು ಹೋದರೆ ನನ್ನನ್ನು ಕೊಲೆಗಾತಿ ಎನ್ನುತ್ತಾರೆ ಎಂಬ ಭಯ ಹುಟ್ಟಿದ ಮೇಲಷ್ಟೇ ಅದು ಉಳಿಯಲಿ ಎಂದು ಬೇಡಿಕೊಂಡೆ. ಇದನ್ನು ಇಲ್ಲಿಯವರೆಗೆ ನನ್ನ ಗಂಡನಿಗೂ ಹೇಳಿಲ್ಲ.

ಅವರು ಬಂದೇ ಬಂದರು. ಆರೋಗ್ಯ ಇಲಾಖೆಯ ಅಧಿಕಾರಿ, ಮಾದಿ ಅಕ್ಕನ ಅಣ್ಣ, ಹಟ್ಟಿಯ ಹಿರಿಯರು, ಅವರ ಹಿಂದೆ ಬೀದಿಯ ಜನ. ಖಾಲಿ ಡಬ್ಬಿಯನ್ನು ಒಂದು ಚೀಲದಲ್ಲಿ ಕಟ್ಟಿ ತಂದಿದ್ದರು. ಯಾರು ಕೊಟ್ಟದ್ದು ಎಂದು ಅಧಿಕಾರಿ ಕೇಳಿದಾಗ ಜೊತೆಯ ಹುಡುಗಿಯರು ನನ್ನ ಕಡೆ ನೋಡಿದರು. ಉಬ್ಬಿದ್ದು ಕಾಣಲಿಲ್ಲವಾ ಎಂದ. ನನ್ನ ಕಣ್ಣಿಗೆ ಜೈಲು ಕಾಣುತ್ತಿತ್ತು, ನನ್ನ ಅಪ್ಪ ತಲೆ ತಗ್ಗಿಸಿ ಕೂತದ್ದು ಕಾಣುತ್ತಿತ್ತು. ಮೊದಲಾಳಿ ನನ್ನ ಪಕ್ಕಕ್ಕೆ ಬಂದು ನಿಂತರು. ಹೆದರದೆ ಹೇಳು ಎನ್ನುವಂತೆ ತಲೆಯಾಡಿಸಿದರು. ನನಗೆ ಧೈರ್ಯ ಕೊಡಲು ಬಂದವರು, ಸುಮತಿ.

"ನಾ ಬೇಡ ಅಂದೆ. ಮೊದಲಾಳಿಯೇ ಕೊಡು ಅಂದರು."

ಮಾತು ಆಡಿದರೆ ಹೋಯಿತು. ಅವರು ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. ನಾನು ಯಾರೆಂಬುದೇ ತಿಳಿಯದವರಂತೆ ನೋಡಿದರು. ಆಮೇಲೆ ಜನರಿಗೆ, "ನಾ ಹಂಗೆ ಹೇಳಿಲ್ಲೆ" ಎಂದರು. ಒಂದೇ ಸಲ.

ಯಾರು ನಂಬುತ್ತಾರೆ? ಸೊಟ್ಟ ಮೊಳೆಯನ್ನೂ ಬಿಸಾಡದವನು ತುಂಬಿದ ಡಬ್ಬಿ ಬಿಸಾಡುತ್ತಾನಾ ಎಂದು ಒಬ್ಬ ಕೇಳಿದ. ತನ್ನ ತಪ್ಪನ್ನು ಬಡ ಹುಡುಗಿಯ ತಲೆಗೆ ಕಟ್ಟುತ್ತಾನಲ್ಲ ಎಂದ ಇನ್ನೊಬ್ಬ. ನಾನು ಅಳುತ್ತಿದ್ದೆ. ಆ ಅಳುವೇ ನನ್ನ ಸಾಕ್ಷಿಯಾಯಿತು. ಹಿರಿಯರೊಬ್ಬರು ನನ್ನ ತಲೆ ಸವರಿದರು.

ಹುಡುಗ ಉಳಿದ. ಬಹಳ ದಿನ ನರಳಿ ಉಳಿದ. ಅಂಗಡಿ ಉಳಿಯಲಿಲ್ಲ. ತಿನ್ನುವ ಸಾಮಾನಿನ ವಿಭಾಗಕ್ಕೆ ಬೀಗ ಬಿತ್ತು, ಕೇಸು ನಡೆಯಿತು. ಯಾರಿಗಾಗಿ ಅವರು ಆ ಬಾಗಿಲು ತೆರೆದಿದ್ದರೋ ಆ ಮೇಲುಕುಂದೆಯ ಜನವೇ, ಮಂಜೂರಿನ ಸುತ್ತಲಿನ ಹಟ್ಟಿಯವರೇ, ಬರುವುದನ್ನು ಬಿಟ್ಟರು. ಕೆಲವು ವರ್ಷ ಕುಂಟುತ್ತಾ ನಡೆದು, ಕಟ್ಟಡ ಕೈಬಿಟ್ಟು ಹೋಯಿತು. ಈಗ ಅಲ್ಲಿ ಟೂರಿಸ್ಟುಗಳಿಗೆ ರೂಮು ಕೊಡುತ್ತಾರೆ. ನನಗೆ ಮಾತ್ರ ಎಲ್ಲ ಒಳ್ಳೆಯದೇ ಆಯಿತು. ಸತ್ಯ ಹೇಳಿದ ಹೆಣ್ಣು ಎಂದು ಕರೆದು ಮಂಜೂರಿನ ಟೀ ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸ ಕೊಟ್ಟರು. ಮದುವೆಯ ಮಾತಿನಲ್ಲೂ ಆ ಹೆಸರು ಕೆಲಸಕ್ಕೆ ಬಂತು. ಮಾದಿ ಅಕ್ಕ ಇವತ್ತಿಗೂ ಸಂತೆಯಲ್ಲಿ ಸಿಕ್ಕರೆ ನನ್ನ ಚೀಲಕ್ಕೆ ಕ್ಯಾರೆಟ್ ತುರುಕುತ್ತಾಳೆ, ದುಡ್ಡು ಮುಟ್ಟುವುದಿಲ್ಲ. ಅವಳನ್ನು ದೂರದಲ್ಲಿ ಕಂಡರೆ ನಾನು ಬೇರೆ ಬೀದಿ ಹಿಡಿಯುತ್ತೇನೆ.

ಇಲ್ಲಿಗೆ ಮುಗಿದಿದ್ದರೆ... ಆಗಿನ್ನೂ ಹುಡುಗಿ, ಹೆದರಿ ಹೇಳಿದೆ ಎನ್ನಬಹುದಿತ್ತು. ಮುಗಿಯಲಿಲ್ಲ.

ಅಂಗಡಿ ಮುಚ್ಚಿದ ಮೇಲೆ ಒಂದು ದಿನ ಅವರು ಫ್ಯಾಕ್ಟರಿಗೆ ಬಂದರು. ಬಹಳ ಸೊರಗಿದ್ದರು. ಹಿಂದೆ ಪೊಲೀಸರು ಬರುತ್ತಿದ್ದಾರೇನೋ ಎಂದು ಗೇಟಿನತ್ತ ನೋಡಿದೆ. ಅವರು ಬೆಂಚಿನ ಮೇಲೆ ಕೂತು, ನನ್ನ ಮಕ್ಕಳ ಬಗ್ಗೆ ಕೇಳಿದರು. ಎದ್ದು ಹೊರಡುವಾಗ ಹೇಳಿದರು:

"ಊರಿಗೆ ಹೇಳಬೇಡಮ್ಮ. ನಮ್ಮ ಮನೆಯವಳಿಗೆ ಮಾತ್ರ ಒಂದು ಸಲ ಬಂದು ಹೇಳು. ಅವಳೂ ನನ್ನ ನಂಬಿಲ್ಲೆ."

ಆಗಲಿ ಎಂದೆ. ಭಾನುವಾರ ಬರುತ್ತೇನೆ ಎಂದೆ. ಬಂದೆ ಕೂಡ, ಸುಮತಿ. ನಿನ್ನ ತಾಯಿ ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ನನ್ನನ್ನು ಕಂಡು ಎದ್ದು ಬಂದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಎರಡೂ ಕೈ ಹಿಡಿದು, ನಮ್ಮವರು ನಿನಗೆ ದೊಡ್ಡ ಅನ್ಯಾಯ ಮಾಡಿದರು, ಅವರ ಪರವಾಗಿ ನಾನು ಕೇಳುತ್ತೇನೆ, ಕ್ಷಮಿಸಿಬಿಡು ಎಂದರು. ಅವರ ಬೆನ್ನ ಹಿಂದೆ, ಬಾಗಿಲಲ್ಲಿ, ಮೊದಲಾಳಿ ನಿಂತಿದ್ದರು. ಅವರಿಗೆ ಎಲ್ಲ ಕೇಳಿಸುತ್ತಿತ್ತು. ನನ್ನ ಬಾಯನ್ನೇ ನೋಡುತ್ತಿದ್ದರು.

"ಇರಲಿ ಬಿಡಿ ಅಮ್ಮಾ" ಎಂದೆ.

ಕೇಳಿದೆಯಾ ಸುಮತಿ? ಕ್ಷಮಿಸಿದೆ. ನಾನು ಅವರನ್ನು ಕ್ಷಮಿಸಿದೆ. ಅಲ್ಲಿ ಅಧಿಕಾರಿ ಇರಲಿಲ್ಲ, ಜನ ಇರಲಿಲ್ಲ, ಯಾರೂ ನನ್ನನ್ನು ಜೈಲಿಗೆ ಕಳಿಸುತ್ತಿರಲಿಲ್ಲ. ನನ್ನ ಕೈ ಹಿಡಿದ ಒಬ್ಬ ಹೆಂಗಸಿನ ಮುಖ ಬದಲಾಗುವುದನ್ನು ನೋಡಲು ಹೆದರಿ ಹಾಗೆಂದೆ. ಮೊದಲಾಳಿ ಬಾಗಿಲಿಂದ ಒಳಗೆ ಹೋದರು. ಕಾಫಿ ಕುಡಿದು ಹೋಗು ಎಂದು ನಿನ್ನ ತಾಯಿ ಹೇಳಿದರು, ಕುಡಿದೇ ಬಂದೆ. ಮುಂದೆ ಮೊದಲಾಳಿಯನ್ನು ನಾನು ನೋಡಿದ್ದು ಚಟ್ಟದ ಹೂವಿನ ಕೆಳಗೆ.

ಈ ಪುಟಗಳನ್ನು ಪುಸ್ತಕದಲ್ಲಿ ಹಾಕು. ನನ್ನ ಹೆಸರು, ನನ್ನ ಹಟ್ಟಿಯ ಹೆಸರು ಎರಡನ್ನೂ ಹಾಕು. ಮಾದಿ ಅಕ್ಕನ ಮನೆಗೂ ನಾನೇ ಹೋಗಿ ಹೇಳುತ್ತೇನೆ. ಅವಳು ಉಗಿದರೂ ಒರೆಸಿಕೊಳ್ಳುವ ಹಕ್ಕು ನನಗಿಲ್ಲ. ಆದರೆ ನಿನ್ನ ತಾಯಿಗೆ ಮಾತ್ರ ಇದನ್ನು ಓದಿ ಹೇಳಬೇಡ. ಅಪ್ಪನ ಪುಸ್ತಕದ ಸಮಾರಂಭಕ್ಕೆ ಬರುವುದಿಲ್ಲ ಎಂದು ಅವರು ಹಟ ಹಿಡಿದಿದ್ದಾರೆ ಎಂದೆಯಲ್ಲ. ಅದು ನನ್ನಿಂದಲೇ ಆದದ್ದು. ನಾನೇ ಬಂದು ಹೇಳಬೇಕು. ಪತ್ರ ನಿನ್ನ ಕೈ ಸೇರುವ ಮೊದಲೇ ಬಂದುಬಿಡುತ್ತೇನೋ ಏನೋ, ತಡಮಾಡಿದರೆ ನನ್ನನ್ನು ನಾನೇ ನಂಬಲಾರೆ. ಹೆದರಿಕೆ ಕಡಿಮೆಯಾಗಿಲ್ಲ, ಬರೆದರೆ ಹಗುರಾಗುತ್ತದೆ ಎನ್ನುವುದು ಸುಳ್ಳು. ಅಮ್ಮನಿಗೆ ಈಗ ಕಿವಿ ಕೇಳಿಸುವುದಿಲ್ಲ, ಏನು ಹೇಳುವುದಿದ್ದರೂ ಪಕ್ಕದ ಮನೆಗಳಿಗೆಲ್ಲ ಕೇಳುವಂತೆ ಕೂಗಿಯೇ ಹೇಳಬೇಕು ಎಂದು ನೀನು ಫೋನಿನಲ್ಲಿ ನಕ್ಕಿದ್ದೆ.

ಕೂಗಿಯೇ ಹೇಳುತ್ತೇನೆ.