ಹೆಸರು ಕೇಳದ ಬಾಕ್ಸ್

ಭಾನುವಾರ, ಬೆಳಿಗ್ಗೆ ಆರು ಗಂಟೆಗೆ ಬರೆಯಲು ಕೂತಿದ್ದೇನೆ.

ಕೊಟ್ಟೂರಿನಲ್ಲಿ ನಮ್ಮ ಪಕ್ಕದ ಮನೆಗೆ ಕಳೆದ ಶ್ರಾವಣದಲ್ಲಿ ಬಾಡಿಗೆಗೆ ಬಂದ ಅಕ್ಕ ಬ್ಲೌಸ್ ಹೊಲಿಯುತ್ತಿದ್ದರು. ಹರಪನಹಳ್ಳಿಯ ಗಂಡನ ಹೊಡೆತ ತಾಳದೆ, ಮಗಳನ್ನು ಕರೆದುಕೊಂಡು ಹೇಳದೆ ಬಂದವರು. ಅದು ನಮ್ಮ ಮನೆಯವರಿಗೆ ಮಾತ್ರ ಗೊತ್ತಿತ್ತು. ಬೀದಿಯಲ್ಲಿ ಬೈಕ್ ನಿಂತರೆ ಅವರ ಹೊಲಿಗೆ ಮಷಿನ್ನೂ ನಿಲ್ಲುತ್ತಿತ್ತು.

ಟೀವಿಯಲ್ಲಿ ಆಟ ಆಡಬೇಕು, ಸಿನಿಮಾ ನೋಡಬೇಕು ಎಂದು ಮಗಳು ಹಟ ಹಿಡಿದಾಗ, ಟೀವಿಗೆ ಇಂಟರ್ನೆಟ್ ಜೋಡಿಸುವ ಸ್ಟ್ರೀಮಿಂಗ್ ಬಾಕ್ಸ್ ಆರಿಸಲು ನನ್ನನ್ನು ಅಂಗಡಿಗೆ ಕರೆದೊಯ್ದರು. ಅಂಗಡಿಯವನು ಮೂರು ತೋರಿಸಿದ. ಪ್ರತಿಯೊಂದನ್ನೂ ತಿರುಗಿಸಿ ನೋಡಿ ಅಕ್ಕ ಕೇಳಿದ್ದು ಒಂದೇ ಮಾತು: "ಇದು ಹೆಸರು ಕೇಳತೈತೇನ್ರಿ?"

"ಹೆಸರಷ್ಟ ಯಾಕ್ರಿ ಅಕ್ಕಾರ, ಜಾತಕಾನೂ ಕೇಳತೈತಿ!" ಎಂದು ಅವನು ನಕ್ಕ. ಅಕ್ಕ ನಗಲಿಲ್ಲ.

ಕೊನೆಗೆ ಆಟ ಚೆನ್ನಾಗಿ ಓಡುವ ಬಾಕ್ಸನ್ನೇ ಕೊಂಡು, ನನ್ನ ಹೆಸರಿನ ಖಾತೆಯಲ್ಲಿ ಜೋಡಿಸಿಕೊಟ್ಟೆ.

ನಾಲ್ಕನೆಯ ಸಂಜೆ ಅಕ್ಕ ನಮ್ಮ ಬಾಗಿಲಿಗೆ ಬಂದರು. ಹಳೆಯ ಆಟದಲ್ಲಿ ಗೆದ್ದದ್ದೆಲ್ಲ ಮತ್ತೆ ಬೇಕೆಂದು ಮಗಳು ಅಪ್ಪನ ಖಾತೆಯಿಂದ ಲಾಗಿನ್ ಆಗಿದ್ದಳು. ಹಾಗೆ ಮಾಡಿದರೆ, ಯಾವ ಊರಿನ ಟೀವಿಯಲ್ಲಿ ಖಾತೆ ತೆರೆಯಿತು ಎಂಬ ಸಂದೇಶ ಅಪ್ಪನ ಫೋನಿಗೆ ಹೋಗುತ್ತದೆ.

"ವೈರ್ ಕಿತ್ತೀನಿ ತಮ್ಮಾ. ಹೋಗಿದ್ದು ವಾಪಸ್ ಬರತೈತೇನು?"

ಹರಪನಹಳ್ಳಿಯಿಂದ ಬಸ್ಸಿನಲ್ಲಿ ಒಂದೇ ಗಂಟೆಯ ದಾರಿ.

ಮರುದಿನ ಬೆಳಿಗ್ಗೆ ಆ ಮನೆಗೆ ಬೀಗ ಬಿದ್ದಿತ್ತು. ಮಧ್ಯಾಹ್ನ ಒಬ್ಬ ಗಂಡಸು ಪೇಟೆಯಲ್ಲಿ ಹುಡುಗಿಯ ಫೋಟೊ ಹಿಡಿದು ವಿಚಾರಿಸುತ್ತಿದ್ದ.

ತಾಯಿ ಮಗಳ ಬಗ್ಗೆ ಬಲ್ಲವರು ದಯವಿಟ್ಟು ನನಗೊಂದು ಸಾಲು ಬರೆಯಿರಿ. ಯಾವ ಊರೆಂದು ಬರೆಯಬೇಡಿ. ಇಬ್ಬರೂ ಕ್ಷೇಮ ಎಂದರೆ ಸಾಕು.