ಕಟುಕನ ಬಲಗಾಲು

ಹತ್ತೊಂಬತ್ತು ವರ್ಷಗಳಿಂದ ಅವನ ಕೆಲಸ ಒಂದೇ: ಕಾರು ಕಂಪನಿಯ ಪರೀಕ್ಷಾ ಟ್ರ್ಯಾಕಿನಲ್ಲಿ ಮುಂದೆ ಕಾರು ಓಡಿಸುವುದು, ಹೇಳದೆ ಕೇಳದೆ ಬ್ರೇಕ್ ಒತ್ತುವುದು. ಹಿಂದೆ ಬರುವ ಕಾರು ತಾನಾಗಿಯೇ ಅಂತರ ನೋಡಿಕೊಂಡು ತಾನಾಗಿಯೇ ನಿಲ್ಲಬೇಕು. ನಿಂತರೆ ಆ ಕಾರು ಪಾಸು. ನಿಲ್ಲದಿದ್ದರೆ ಇವನ ಕಾರಿನ ಹಿಂಬದಿಗೆ ಕಟ್ಟಿದ ದಪ್ಪ ಸ್ಪಂಜಿಗೆ ಬಂದು ಗುದ್ದುತ್ತದೆ. ಇಂಥದ್ದಕ್ಕೂ ಸಂಬಳ ಕೊಡುತ್ತಾರೆಂದು ಅವನ ಹೆಂಡತಿ ಇವತ್ತಿಗೂ ಪೂರ್ತಿ ನಂಬಿಲ್ಲ.

ಅವನ ಕಾರಿನ ಕನ್ನಡಿಗಳಿಗೆಲ್ಲ ಕಂದು ಕಾಗದ ಅಂಟಿಸಿರುತ್ತಾರೆ. ಹಿಂದಿನವರ ಮುಖ ಕಂಡರೆ ಎಂಥ ಗಟ್ಟಿ ಮನುಷ್ಯನ ಕಾಲೂ ಮೆತ್ತಗಾಗುತ್ತದಂತೆ. ಇವನ ವಿಷಯದಲ್ಲಿ ಕಾಗದ ದಂಡ ಎಂಬುದು ಎಲ್ಲರ ಅಭಿಪ್ರಾಯ. ಇವನಿಗೆ ಅಲ್ಲಿ ಕಟುಕ ಎಂದೇ ಹೆಸರು. ಒಮ್ಮೆ ಹಿಂದಿನ ಕಾರಿನಲ್ಲಿ ದೊಡ್ಡ ಸಾಹೇಬರೇ ಬಂದು ಕೂತಿದ್ದಾರೆಂದು ತಿಳಿದೂ ಒತ್ತಿದ ಒತ್ತಿಗೆ ಅವರ ಕನ್ನಡಕ ಹಾರಿಹೋಗಿತ್ತು. ಮನೆಯಲ್ಲೂ ಅಷ್ಟೆ. ಸೊಸೆ ಬಂದು ಎರಡು ವರ್ಷವಾದರೂ ಅವಳೊಂದಿಗಿನ ಮಾತು ಫ್ಯಾನು, ಗೇಟು, ನಲ್ಲಿ ದಾಟಿ ಮುಂದೆ ಹೋಗಿರಲಿಲ್ಲ.

ಆ ಸೊಸೆ ಇಂಜಿನಿಯರ್. ಅವಳಿಗೆ ಅದೇ ಟ್ರ್ಯಾಕಿನಲ್ಲಿ ಕೆಲಸ ಸಿಕ್ಕಿತು. ಹೊಸ ಮಾದರಿಯ ಕಾರೊಂದರ ಪರೀಕ್ಷೆ ಅವಳ ಮೊದಲ ಜವಾಬ್ದಾರಿ. ಹಿಂದಿನ ಕಾರಿನಲ್ಲಿ ಕೈಕಟ್ಟಿ ಕೂರಬೇಕು, ಕೊನೆಗೆ ವರದಿಗೆ ಸಹಿ ಹಾಕಬೇಕು. ಸಹಿ ಬಿದ್ದರೆ ಕಾರು ಪೇಟೆಗೆ ಹೋಗುತ್ತದೆ.

ಮೂರು ದಿನ, ನಲವತ್ತು ಸುತ್ತು. ಕಾರು ಒಂದು ಸಲವೂ ತಾಗಲಿಲ್ಲ. ಕಚೇರಿಯವರು ಹಲ್ಲುಕಿರಿದುಕೊಂಡು ಓಡಾಡಿದರು. ನಾಲ್ಕನೆಯ ದಿನ ಸೊಸೆ ಲ್ಯಾಪ್‌ಟಾಪ್ ಹಿಡಿದು ಕ್ಯಾಂಟೀನಿಗೆ ಬಂದು, ಅವನ ಟೀ ಲೋಟ ಪಕ್ಕಕ್ಕೆ ಸರಿಸಿ ಎರಡು ಗ್ರಾಫ್ ತೋರಿಸಿದಳು. ಮೊದಲಿನ ಪರೀಕ್ಷೆಗಳಲ್ಲಿ ಬೇರೆಯವರು ಹಿಂದೆ ಕೂತಾಗ ಅವನು ಒತ್ತಿದ ಬ್ರೇಕಿನ ಗೆರೆ ಗೋಡೆಯ ಹಾಗೆ ನೆಟ್ಟಗೆ ನಿಂತಿತ್ತು. ಅವಳು ಕೂತಾಗಿನ ಗೆರೆ ಮಂಡಿನೋವಿನವರು ಮೆಟ್ಟಿಲು ಹತ್ತಿದಂತೆ ನಿಧಾನವಾಗಿ ಏರಿತ್ತು.

ಅವನು ಮೊದಲು ಯಂತ್ರ ಕೆಟ್ಟಿದೆ ಅಂದ. ಆಮೇಲೆ ಬೂಟು ಹೊಸದು ಅಂದ. ಪಕ್ಕದ ಮೇಜಿನ ಮೆಕ್ಯಾನಿಕ್‌ಗಳು ಕಿವಿ ನಿಮಿರಿಸಿ ಕೂತಿದ್ದರು. ಎರಡು ವರ್ಷ ಬಾಯಿಬಿಟ್ಟು ಹೇಳದ್ದನ್ನು ಬಲಗಾಲು ಹೀಗೆ ಡಂಗುರ ಸಾರೀತೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಹತ್ತೊಂಬತ್ತು ವರ್ಷದ ಮರ್ಯಾದೆ ಮೂರಾಬಟ್ಟೆಯಾಯಿತು.

"ನಿನ್ ಕತ್ತು ಉಳುಕಿದ್ರೆ ಮಗನಿಗೆ ಏನಂತ ಹೇಳ್ಲಿ?" ಎಂದು ಕೊನೆಗೆ ಗೊಣಗಿದ.

ಅವಳು ನಗಲಿಲ್ಲ. "ನೀವು ಮೆಲ್ಲಗೆ ಒತ್ತಿದ್ರೆ ಇದು ಪಾಸಾಗುತ್ತೆ ಮಾವ. ನಾನು ಸಹಿ ಹಾಕ್ತೀನಿ, ಯಾರೋ ಕೊಂಡ್ಕೋತಾರೆ. ರಸ್ತೇಲಿ ಅವರ ಮುಂದೆ ಹೋಗೋನು ಅವರ ಮಾವ ಆಗಿರಲ್ಲ."

ಅವನು ಟೀ ಮುಗಿಸದೆ ಎದ್ದ.

ನಲವತ್ತೊಂದನೆಯ ಸುತ್ತಿನಲ್ಲಿ ಕಾಲು ಪೆಡಲಿನ ಮೇಲೆ ಬಂತು. ಇಷ್ಟು ವರ್ಷದಲ್ಲಿ ಎಂದೂ ಆಗದ ಭಯ ಈಗ ಆಯಿತು. ಸೊಸೆಯನ್ನೂ, ಅವಳನ್ನು ಇಷ್ಟೆಲ್ಲ ಓದಿಸಿದ ಬೀಗರನ್ನೂ, ಇದೇ ಕೆಲಸಕ್ಕೆ ಅರ್ಜಿ ಹಾಕಿಸಿದ ಮಗನನ್ನೂ ಒಂದೇ ಉಸಿರಿನಲ್ಲಿ ಬೈದುಕೊಂಡು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಒತ್ತಿದ.

ಹಿಂದಿನಿಂದ ಧಡ್ಡೆಂದು ಗುದ್ದಿತು.

ಅವನು ಬಾಗಿಲು ತೆರೆದು ಓಡಿದ. ಅವನು ಓಡಿದ್ದನ್ನು ಅಲ್ಲಿ ಯಾರೂ ಅದುವರೆಗೆ ನೋಡಿರಲಿಲ್ಲ. ಸ್ಪಂಜು ಅರ್ಧಕ್ಕರ್ಧ ಒಳಗೆ ಹೋಗಿತ್ತು; ಸ್ಪಂಜಿಲ್ಲದ ಯಾರದೋ ಕಾರಿಗೆ ಬೀಳಬೇಕಿದ್ದ ಏಟು ಅದು. ಸೊಸೆ ಕತ್ತು ಉಜ್ಜಿಕೊಳ್ಳುತ್ತಲೇ ಇಳಿದು, ವರದಿಯ ಕಾಗದವನ್ನು ಬಾನೆಟ್ಟಿನ ಮೇಲಿಟ್ಟು ಫೇಲ್ ಎಂದು ಬರೆದಳು. ಪೆಟ್ಟಾಯಿತೇ ಎಂದು ಕೇಳಲು ಅವನು ಬಾಯಿ ತೆರೆದ.

"ನಂಗೇನೂ ಆಗಿಲ್ಲ ಮಾವ," ಅಂದಳು. "ಖಾತ್ರಿಗೆ ಇನ್ನೊಂದ್ಸಲ ಒತ್ತಬೇಕು. ಹೀಗೇ."

ಕಟುಕ ಎಲ್ಲರೆದುರೇ ಕಣ್ಣೊರೆಸಿಕೊಂಡು, ಹೋಗಿ ಸ್ಟೀರಿಂಗ್ ಹಿಡಿದು ಕೂತ.